ಬಾರದ ವಿಮಾನಗಳ ಹೊರೆ ಪ್ರಯಾಣಿಕರ ಮೇಲೇಕೆ?

ದೂರದೇಶಗಳಿಗೆ ಹಾರುವ ದೊಡ್ಡ ವಿಮಾನಗಳ ವಿಷಯದಲ್ಲಿ ಕೊಟ್ಟ ಮಾತಿಗೆ ಬೆಲೆಯೇ ಇಲ್ಲದಂತಾಗಿದೆ. ಬೋಯಿಂಗ್ ಕಂಪನಿ 777ಎಕ್ಸ್ ವಿಮಾನವನ್ನು ಪ್ರಕಟಿಸಿದ್ದು 2013ರಲ್ಲಿ. ಮೊದಲ ವಿಮಾನ 2020ರಲ್ಲಿ ಗ್ರಾಹಕರ ಕೈಸೇರಬೇಕಿತ್ತು. ಗಡುವು ಮತ್ತೆ ಮತ್ತೆ ಜಾರಿ, 2025ರ ಅಕ್ಟೋಬರ್‌ನಲ್ಲಿ ಅದು 2027ಕ್ಕೆ ಹೋಗಿ ನಿಂತಿತು. ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘವು (ಐಎಟಿಎ) 2024ರ ಕೊನೆಗೆ ಕೊಟ್ಟ ಲೆಕ್ಕದಂತೆ, ಬೇಡಿಕೆ ಸಲ್ಲಿಸಿಯೂ ಪೂರೈಕೆಯಾಗದೆ ಉಳಿದ ವಿಮಾನಗಳು 17,000. ಬಳಕೆಯಲ್ಲಿರುವ ವಿಮಾನಗಳ ಸರಾಸರಿ ವಯಸ್ಸು 14.8 ವರ್ಷಕ್ಕೆ ಏರಿತ್ತು. ಹಿಂದೆಂದೂ ಅದು ಅಷ್ಟಿರಲಿಲ್ಲ.

ಭಾರತದಲ್ಲಿ ಈ ಬಿಸಿ ಹೆಚ್ಚು ತಟ್ಟಿರುವುದು ಏರ್ ಇಂಡಿಯಾಗೆ. 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಗೆ ಬಂದ ಸಂಸ್ಥೆ, ಮರುವರ್ಷ 470 ವಿಮಾನಗಳ ಖರೀದಿಯನ್ನು ಘೋಷಿಸಿತು. ಹಳೆಯ 787 ಮತ್ತು 777 ವಿಮಾನಗಳ ಒಳಾಂಗಣವನ್ನು ಪೂರ್ತಿ ಹೊಸದಾಗಿಸಲು 40 ಕೋಟಿ ಡಾಲರ್ ಯೋಜನೆಯನ್ನು 2022ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಆದರೆ ಆಸನಗಳು ಬರಲಿಲ್ಲ. ಮೊದಲ ಹಳೆಯ 787 ವಿಮಾನ ನವೀಕರಣಕ್ಕೆಂದು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ಗೆ ಹೋದದ್ದು 2025ರ ಜುಲೈನಲ್ಲಿ. ಸಂಸ್ಥೆ ಆಗ ಹೇಳಿದಂತೆ 787ಗಳ ಕೆಲಸ ಮುಗಿಯಲು 2027ರ ಮಧ್ಯಭಾಗ, 777ಗಳ ಕೆಲಸ ಮುಗಿಯಲು 2028ರ ಅಕ್ಟೋಬರ್ ಆಗಬೇಕು. ವಿಮಾನಗಳ ಕೊರತೆ ಮತ್ತು ಪಾಕಿಸ್ತಾನದ ವಾಯುಮಾರ್ಗ ಬಂದ್ ಆದ ಕಾರಣಗಳನ್ನು ನೀಡಿ, 2025ರ ಸೆಪ್ಟೆಂಬರ್‌ನಿಂದ ದೆಹಲಿ–ವಾಷಿಂಗ್ಟನ್ ಸೇವೆಯನ್ನೇ ನಿಲ್ಲಿಸಲಾಯಿತು.

ಈ ಅಂಕಿಅಂಶಗಳ ಭಾರ ಕೊನೆಗೆ ಬಂದು ಬೀಳುವುದು ಪ್ರಯಾಣಿಕರ ಮೈಮೇಲೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ಮಗಳ ಬಾಣಂತನಕ್ಕೆಂದು ಅಷ್ಟು ದೂರ ಹೊರಟ, ಮಂಡಿನೋವಿನ ತಾಯಿಗೆ ಸಿಗುವ ಸೀಟು ಹಿಂದಕ್ಕೆ ಬಾಗದು. ತಲೆಯ ಮೇಲಿನ ದೀಪ ಹತ್ತದು. ಎದುರಿನ ಪರದೆ ಬೆಳಗದು. ವಿಮಾನ ಭರ್ತಿಯಾಗಿದೆ, ಬದಲಿ ಸೀಟಿಲ್ಲ ಎಂದು ಸಿಬ್ಬಂದಿ ಕೈಚೆಲ್ಲುತ್ತಾರೆ. ಟಿಕೆಟ್ ಹಣದಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ.

ಆಸನ ತಯಾರಿಸುವುದು ಸುಲಭದ ಕೆಲಸವಲ್ಲ ಎಂಬುದನ್ನು ಒಪ್ಪಲೇಬೇಕು. ವಿಮಾನದ ಸೀಟನ್ನು ಹಳಿಯ ಮೇಲೆ ಓಡುವ ಬಂಡಿಗೆ ಬಿಗಿದು, ಮೇಲೆ ಬೊಂಬೆ ಕೂರಿಸಿ, ಗುರುತ್ವಾಕರ್ಷಣೆಯ 16 ಪಟ್ಟು ಬಲದ ಆಘಾತಕ್ಕೆ ಒಡ್ಡುತ್ತಾರೆ. ಸೀಟು ಕಿತ್ತು ಬರಬಾರದು, ಬೊಂಬೆಯ ತಲೆಗೆ ಬೀಳುವ ಪೆಟ್ಟು ಮಿತಿ ಮೀರಬಾರದು. ಬಟ್ಟೆ, ಫೋಮ್ ಬೆಂಕಿಯ ಪರೀಕ್ಷೆಯನ್ನೂ ಗೆಲ್ಲಬೇಕು. ಬಾಗಿಲು, ಗೋಡೆ, ಮೋಟಾರುಗಳಿರುವ ಈಗಿನ ಬಿಸಿನೆಸ್ ಕ್ಲಾಸ್ ಸೀಟಿಗೆ ಈ ಪ್ರಮಾಣೀಕರಣ ಇನ್ನೂ ಕಠಿಣ. ಜರ್ಮನಿಯ ಲುಫ್ತಾನ್ಸಾ 2025ರಲ್ಲಿ ಹೊಸ 787 ವಿಮಾನ ಹಾರಿಸಿದಾಗ ಅದರ 28 ಬಿಸಿನೆಸ್ ಕ್ಲಾಸ್ ಸೀಟುಗಳ ಪೈಕಿ ಮೊದಲಿಗೆ ನಾಲ್ಕನ್ನಷ್ಟೇ ಮಾರಲು ಸಾಧ್ಯವಾಯಿತು. ಉಳಿದವಕ್ಕೆ ಪ್ರಮಾಣಪತ್ರ ಸಿಕ್ಕಿರಲಿಲ್ಲ.

ಈ ಪರೀಕ್ಷೆಗಳು ಒಂದಿಷ್ಟೂ ಸಡಿಲವಾಗಕೂಡದು. ರೋಗದ ಮೂಲ ಬೇರೆ ಕಡೆ ಇದೆ. ದೊಡ್ಡ ವಿಮಾನ ಬೇಕೆಂದರೆ ಜಗತ್ತಿಗೆ ಬೋಯಿಂಗ್ ಮತ್ತು ಏರ್‌ಬಸ್ ಬಿಟ್ಟರೆ ಗತಿಯಿಲ್ಲ. ಆಸನ ತಯಾರಕರೂ ಒಬ್ಬರನ್ನೊಬ್ಬರು ನುಂಗಿದ್ದಾರೆ: ಬಿಇ ಏರೋಸ್ಪೇಸ್ ಈಗಿನ ಕಾಲಿನ್ಸ್‌ನಲ್ಲಿ, ಜೋಡಿಯಾಕ್ ಫ್ರಾನ್ಸ್‌ನ ಸಾಫ್ರಾನ್‌ನಲ್ಲಿ ಕರಗಿದವು. ಕೋವಿಡ್ ಕಾಲದಲ್ಲಿ ಪಳಗಿದ ಕೆಲಸಗಾರರನ್ನು ಮನೆಗೆ ಕಳುಹಿಸಿದ ಉದ್ಯಮಕ್ಕೆ, ಬೇಡಿಕೆ ಮರಳಿದಾಗ ಆ ಕೈಗಳು ಸಿಗಲಿಲ್ಲ. ಪೂರೈಕೆಯ ಈ ಬಿಕ್ಕಟ್ಟಿನಿಂದ ವಿಮಾನಯಾನ ಸಂಸ್ಥೆಗಳಿಗೆ 2025ರಲ್ಲಿ 1,100 ಕೋಟಿ ಡಾಲರ್‌ಗೂ ಹೆಚ್ಚಿನ ಹೊರೆ ಬೀಳುತ್ತದೆಂದು ಐಎಟಿಎ ಅಂದಾಜಿಸಿತ್ತು. ಸ್ಪರ್ಧೆ ಸತ್ತ ಮಾರುಕಟ್ಟೆಯಲ್ಲಿ ಗಡುವು ತಪ್ಪಿಸಿದವರು ಗ್ರಾಹಕರನ್ನು ಕಳೆದುಕೊಳ್ಳುವುದಿಲ್ಲ. ನಿಜವಾಗಿ ಗಾಬರಿಪಡಬೇಕಾದ ಸಂಗತಿ ಇದು.

ಸಂಸ್ಥೆಗಳಿಗೆ ಪೂರೈಕೆದಾರರು ಕೈಕೊಟ್ಟಿರಬಹುದು. ಆದರೆ ಟಿಕೆಟ್ ಮಾರಿದವರು ಪೂರೈಕೆದಾರರಲ್ಲ. ಸೀಟು ಕೆಟ್ಟಿದೆ ಎಂಬುದು ವಿಮಾನ ಏರುವ ಮೊದಲೇ ಸಂಸ್ಥೆಗೆ ತಿಳಿದಿರುತ್ತದೆ. ತಿಳಿದೂ ಪೂರ್ತಿ ಹಣ ಪಡೆಯುವುದು ವಂಚನೆಗೆ ಸಮ. ಕಾದಿರಿಸಿದ ದರ್ಜೆಗಿಂತ ಕೆಳದರ್ಜೆಯಲ್ಲಿ ಕೂರಿಸಿದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದೂರಕ್ಕೆ ತಕ್ಕಂತೆ ಟಿಕೆಟ್‌ನ ಶೇ 30ರಿಂದ 75ರಷ್ಟು ಹಣ ಮರಳಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2023ರಲ್ಲಿ ನಿಯಮ ಮಾಡಿತು. ಕೆಟ್ಟ ಸೀಟಿನಲ್ಲಿ ಕೂತ ಬಿಸಿನೆಸ್ ಕ್ಲಾಸ್ ಪ್ರಯಾಣಿಕರಿಗೆ ಪರಿಹಾರ ಕೊಡದಿದ್ದುದೂ ಸೇರಿ ಹಲವು ಲೋಪಗಳಿಗಾಗಿ ಅದೇ ವರ್ಷ ಏರ್ ಇಂಡಿಯಾಗೆ ₹10 ಲಕ್ಷ ದಂಡ ವಿಧಿಸಿತು. ಅಷ್ಟು ದೊಡ್ಡ ಸಂಸ್ಥೆಗೆ ಇದು ಯಾವ ಲೆಕ್ಕ? ದರ್ಜೆ ಇಳಿಸಿದಾಗ ಹೇಗೋ ಹಾಗೆಯೇ, ಸೀಟು ಕೆಟ್ಟಿದ್ದರೂ ನಿಗದಿತ ಪ್ರಮಾಣದ ಹಣ ಅರ್ಜಿಯಿಲ್ಲದೆ ಪ್ರಯಾಣಿಕರ ಖಾತೆಗೆ ಮರಳಬೇಕು. ಇಕಾನಮಿಯಲ್ಲಿ ಕೂತವರಿಗೂ ಈ ಹಕ್ಕು ಸಿಗಬೇಕು. ನವೀಕರಣವಾಗದ ವಿಮಾನವೆಂಬ ಮಾಹಿತಿ ಟಿಕೆಟ್ ಕೊಳ್ಳುವಾಗಲೇ ಕಾಣಬೇಕು.

ಎಮಿರೇಟ್ಸ್ ಕೂಡ 777ಎಕ್ಸ್‌ಗಾಗಿ ಕಾಯುತ್ತಲೇ ಇದೆ. ಆದರೆ ಅದು ಕೈಕಟ್ಟಿ ಕೂರಲಿಲ್ಲ. ದುಬೈನ ತನ್ನದೇ ಹ್ಯಾಂಗರ್‌ಗಳಲ್ಲಿ ತನ್ನದೇ ಎಂಜಿನಿಯರ್‌ಗಳಿಂದ ಹಳೆಯ ವಿಮಾನಗಳನ್ನು ಒಂದೊಂದಾಗಿ ನವೀಕರಿಸುತ್ತಿದೆ. ಆ ಸಾಮರ್ಥ್ಯ ಬೆಳೆಸಲು ಕರ್ನಾಟಕಕ್ಕಿಂತ ತಕ್ಕ ನೆಲ ದೇಶದಲ್ಲಿ ಇನ್ನೊಂದಿಲ್ಲ. ಬೆಳಗಾವಿಯ ಏಕಸ್ ಜಗತ್ತಿನ ವಿಮಾನಗಳಿಗೆ ಬಿಡಿಭಾಗ ಕಳುಹಿಸುತ್ತಿದೆ. ಏರ್‌ಬಸ್ ಎ220ರ ಬಾಗಿಲುಗಳನ್ನು ತಯಾರಿಸುವ ಗುತ್ತಿಗೆ ಬೆಂಗಳೂರಿನ ಡೈನಮ್ಯಾಟಿಕ್‌ಗೆ ಸಿಕ್ಕಿದೆ. ಆಸನ ತಯಾರಿಸುವ ಕಾಲಿನ್ಸ್‌ಗೂ ದೇವನಹಳ್ಳಿಯಲ್ಲಿ ಬೃಹತ್ ಕೇಂದ್ರ ತೆರೆದ ಬೋಯಿಂಗ್‌ಗೂ ನಮ್ಮ ಎಂಜಿನಿಯರ್‌ಗಳ ಕಸುಬು ಚೆನ್ನಾಗಿ ಗೊತ್ತು. ಕೊರತೆಯಿರುವುದು ಇಡೀ ಆಸನವನ್ನು ಇಲ್ಲಿಯೇ ರೂಪಿಸಿ, ಪರೀಕ್ಷಿಸಿ, ಜಗತ್ತು ಒಪ್ಪುವ ಪ್ರಮಾಣಪತ್ರ ನೀಡುವ ವ್ಯವಸ್ಥೆಗೆ.

ನೂರಾರು ವಿಮಾನಗಳಿಗೆ ಬೇಡಿಕೆ ಇಟ್ಟ ದೇಶಕ್ಕೆ ಷರತ್ತು ಹಾಕುವ ಶಕ್ತಿಯಿದೆ. ತಡವಾದ ಪ್ರತಿ ವಿಮಾನಕ್ಕೂ ತಯಾರಕರು ದಂಡ ತೆರಬೇಕು, ಅದರಲ್ಲೊಂದು ಪಾಲು ಪ್ರಯಾಣಿಕರಿಗೆ ಸಲ್ಲಬೇಕು, ಆಸನ ಪರೀಕ್ಷೆಯ ಸೌಕರ್ಯ ಇಲ್ಲಿಗೆ ಬರಬೇಕು. ಮುಂದಿನ ಖರೀದಿ ಒಪ್ಪಂದಗಳಲ್ಲಿ ಈ ಮೂರೂ ಇರುವಂತೆ ವಿಮಾನಯಾನ ಸಂಸ್ಥೆಗಳು ಪಟ್ಟುಹಿಡಿಯಲಿ, ಕೇಂದ್ರ ಸರ್ಕಾರ ಅವುಗಳ ಬೆನ್ನಿಗೆ ನಿಲ್ಲಲಿ. ಪ್ರಯಾಣಿಕರ ಪರಿಹಾರದ ನಿಯಮಕ್ಕಾದರೋ ಯಾವ ವಿದೇಶಿ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ. ಡಿಜಿಸಿಎ ಅದನ್ನು ತಡಮಾಡದೆ ಹೊರಡಿಸಬೇಕು.