ಅಲಸಂದೆ ವಡೆಯ ಕುಲಗೋತ್ರ

ಚಿಂತಾಮಣಿಯ ಬೀದಿಬದಿಯಲ್ಲಿ ಅಲಸಂದೆ ವಡೆ ಕರಿಯುವಾಕೆಯನ್ನು ಎಬ್ಬಿಸಬೇಕೆನ್ನುವ ಮಹನೀಯರೇ ಸಭೆಯಲ್ಲಿ ‘ನಮ್ಮ ಅಪ್ಪಟ ದೇಶೀಯ ತಿನಿಸು’ ಎಂದು ಎದೆ ತಟ್ಟಿಕೊಳ್ಳುವುದನ್ನು ಕಂಡಿದ್ದೇನೆ. ಅಪ್ಪಟವೆ? ಅಲಸಂದೆಯ ತವರು ಆಫ್ರಿಕಾ. ನಮ್ಮ ರಾಗಿಯದೂ ಅದೇ. ಇದೇ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಯೊರೂಬಾ ಜನ ‘ಅಕರಾ’ ಕರಿಯುತ್ತಿದ್ದರು. ಅವರನ್ನು ಗುಲಾಮರ ಹಡಗು ಹತ್ತಿಸಿದಾಗ ಆ ಕೈರುಚಿಯೂ ಬ್ರೆಜಿಲಿನ ಬಾಹಿಯಾ ಸೇರಿ, ತಾಳೆಯೆಣ್ಣೆಯಲ್ಲಿ ಕರಿದ ‘ಅಕರಾಜೆ’ಯಾಯಿತು, ಇಯಾನ್ಸಾ ದೇವಿಗೆ ನೈವೇದ್ಯವೂ ಆಯಿತು. ಆ ಸರ್ಕಾರ 2005ರಲ್ಲಿ ತಿನಿಸನ್ನಲ್ಲ, ಮಾರುವ ಹೆಂಗಸರ ಕಸುಬನ್ನೇ ರಾಷ್ಟ್ರದ ಪರಂಪರೆಯೆಂದು ದಾಖಲಿಸಿತು. ಫುಟ್‌ಬಾಲ್ ಪಂದ್ಯದ ನೆಪದಲ್ಲಿ ಹೊರಗಿಡಹೋದಾಗ ಅವರು ಹೋರಾಡಿ 2013ರಲ್ಲಿ ಸಾಲ್ವಡಾರ್ ಕ್ರೀಡಾಂಗಣದೊಳಕ್ಕೇ ಬುಟ್ಟಿ ಇಳಿಸಿದರು.

ನಮ್ಮಲ್ಲಿಯೂ 2014ರ ಕಾಯಿದೆ, ಸಮೀಕ್ಷೆ ಮುಗಿದು ಪತ್ರ ಕೊಡುವ ತನಕ ಬೀದಿ ವ್ಯಾಪಾರಿಯನ್ನು ಎಬ್ಬಿಸಕೂಡದೆನ್ನುತ್ತದೆ. ಮಹನೀಯರು ಭಾಷಣಕ್ಕೆ ಮುನ್ನ ಆ ಕಲಮನ್ನು ಓದಲಿ. ಬಿಸಿ ವಡೆ ಆರುವಷ್ಟರಲ್ಲಿ ಮುಗಿಯುತ್ತದೆ.