ಕನ್ನಡದ ಮೇಲೆ ‘ಐ’ ಒತ್ತಬ್ಯಾಡ್ರಿ

ಆಫೀಸಿಗೆ ಬರೋ ಡಿಸೈನ್ ಫೈಲುಗಳಲ್ಲಿ ಒಂದು ಸಾಲು ಆಗಾಗ ಕಾಣುತ್ತೆ: ‘ಎಚ್ಚರಿಕೆಯ ಮಾತು – ಸೆರಿಫ್, ಬೋಲ್ಡ್ ಇಟಾಲಿಕ್’. ಇಂಗ್ಲಿಷ್ ಸ್ಕ್ರೀನಿಗೆ ಸರಿ. ಅದೇ ಸ್ಟೈಲನ್ನ ಕನ್ನಡಕ್ಕೂ ಹಚ್ಚಿ ಕೈ ತೊಳ್ಕೊಳ್ತೀವಲ್ಲ, ನನ್ನ ತಕರಾರು ಅದು.

ಇಂಗ್ಲಿಷಿನ ಇಟಾಲಿಕ್ ಅಂದ್ರೆ ಬರೀ ವಾಲಿಸಿದ ಅಕ್ಷರ ಅಲ್ಲ. 1501ರಲ್ಲಿ ವೆನಿಸ್‌ನ ಅಲ್ಡಸ್ ಮನುಶಿಯಸ್ ವರ್ಜಿಲನ ಕಾವ್ಯ ಅಚ್ಚು ಹಾಕಿದಾಗ, ಫ್ರಾಂಚೆಸ್ಕೊ ಗ್ರಿಫೊ ಆ ಕಾಲದ ಕೈಬರಹ ನೋಡಿ ಅದಕ್ಕಂತಲೇ ಬೇರೆ ಮೊಳೆ ಕೊರೆದಿದ್ದ. ಇವತ್ತಿನ ಒಳ್ಳೆ ಫಾಂಟುಗಳಲ್ಲೂ ಹಂಗೇ. ಮ್ಯಾಥ್ಯೂ ಕಾರ್ಟರ್ ರೂಪಿಸಿದ ಜಾರ್ಜಿಯಾ ತೆಗೆದು ನೋಡಿ: ಬೋಲ್ಡ್ ಇಟಾಲಿಕ್ ಬೇರೆಯದೇ ಫೈಲು, ಅದರಲ್ಲಿ ಸಣ್ಣ ‘ಎ’ ಅಕ್ಷರದ ಆಕಾರವೇ ಬೇರೆ. ದಪ್ಪಗಿದ್ದರೂ ಅದಕ್ಕೊಂದು ನಡಿಗೆ ಇದೆ. ಎರಡು ಪದಕ್ಕೆ ಚೆಂದ; ಇಡೀ ಪ್ಯಾರಾಕ್ಕೆ ಹಾಕಿದ್ರೆ ಇಂಗ್ಲಿಷೂ ಜಗಳಕ್ಕೆ ಬಂದಂಗೆ ಕಾಣುತ್ತೆ.

ನಮ್ಮ ಕಡೆ ನೋಡಿ. ನೋಟೊ ಸೆರಿಫ್ ಕನ್ನಡದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ 9 ತೂಕ ಇವೆ, ಇಟಾಲಿಕ್ ಒಂದೂ ಇಲ್ಲ. ಆದರೂ ಇಟಾಲಿಕ್ ಕೇಳಿದರೆ ಬ್ರೌಸರ್ ನೆಟ್ಟಗಿರೋ ಅಕ್ಷರವನ್ನೇ ಹಿಡಿದು ಓರೆ ಮಾಡುತ್ತೆ. ತಲೆಕಟ್ಟು ಬಲಕ್ಕೆ ಜಾರುತ್ತೆ, ಕೆಳಗಿನ ಒತ್ತಕ್ಷರ ಎಡಕ್ಕೆ. ಫಾಂಟಿನಲ್ಲಿ ಬೋಲ್ಡೂ ಇಲ್ಲದಿದ್ದರೆ ಗೆರೆಗಳನ್ನ ತಾನೇ ಊದಿಸುತ್ತೆ, ಸಂದುಗಳೆಲ್ಲ ಮುಚ್ಚುತ್ತಾವೆ. ನಮ್ಮೂರು ಸಾಲಗುಂದಕ್ಕೆ ದ, ತಾಲ್ಲೂಕು ಸಿಂಧನೂರಿಗೆ ಧ. ಎರಡರ ನಡುವೆ ಇರೋದು ಕೆಳಗಿನ ಒಂದು ಸಣ್ಣ ಗೀರು, ಸಾಲ್ಯಾಗ ‘ಹೊಟ್ಟಿ ಸೀಳು’ ಅಂತಿದ್ರಲ್ಲ, ಅದು. ಸಣ್ಣ ಗಾತ್ರದಲ್ಲಿ ಮೊದಲು ಹೋಗೋದೇ ಅದು. ಥ, ಠ ಒಳಗಿನ ಚುಕ್ಕಿಯದೂ ಅದೇ ಗತಿ.

ಫಾಂಟು ಬರೀ ಅಲಂಕಾರ ಅನ್ನೋ ಗೆಳೆಯರು ಕೇಳ್ರಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯೋರು ಬೆಳೆಗೆ ಎಣ್ಣಿ ಹೊಡೀತಾರ. ಡಬ್ಬಿ ಜೊತೆ ಮಡಚಿಟ್ಟ ಚೀಟಿಯಲ್ಲಿ ಹಲವು ಭಾಷೆ, ಸಾಸಿವೆ ಗಾತ್ರದ ಅಕ್ಷರ. ಎಷ್ಟು ನೀರಿಗೆ ಎಷ್ಟು ಎಣ್ಣಿ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಈ ಸಾಲನ್ನೇ ದಪ್ಪ ಮಾಡಿ ಓರೆ ಮಾಡಿದ್ರೆ ಎಲ್ಲಕ್ಕಿಂತ ಬೇಕಾದ ಮಾತು ಎಲ್ಲಕ್ಕಿಂತ ಕಮ್ಮಿ ಓದಿಸುತ್ತೆ. ನಮ್ಮವ್ವ ನೆಟ್ಟಗಿನ ಅಕ್ಷರ ಕೂಡಿಸಿಕೊಂಡು ಓದ್ತಾಳ. ಸಾಲದ ಕಂತಿನ ಆ್ಯಪಿನಲ್ಲಿ ಷರತ್ತಿನ ಓರೆ ಸಾಲು ಬಂತೋ, “ಇದನ್ನ ನೀನ ಓದಪ್ಪಾ” ಅಂತ ಫೋನ್ ನನ್ನ ಕೈಗೆ. ನಾನಿರೋದು ಬೆಂಗಳೂರಲ್ಲಿ, ದಿನಾ ಯಾರು ಓದಬೇಕು?

ಒತ್ತಿ ಹೇಳೋಕೆ ನಮಗೆ ಓರೆ ಬೇಕಾಗಿಯೇ ಇಲ್ಲ. ‘ಅವನೇ ಬಂದ’, ‘ನಾಳೆಯೇ ಕಟ್ಟಬೇಕು’: ಇಂಗ್ಲಿಷಿನವರು ಅಕ್ಷರ ವಾಲಿಸಿ ಹೇಳೋದನ್ನ ನಮ್ಮ ಒಂದು ‘ಏ’ ಹೇಳಿ ಮುಗಿಸುತ್ತೆ. ಸಾಲದಿದ್ರೆ ನೆಟ್ಟಗಿನ ಬೋಲ್ಡ್ ಇದೆ, ದೊಡ್ಡ ಗಾತ್ರ ಇದೆ, ಬಣ್ಣ ಇದೆ.

ಊರಿನ ಫ್ಲೆಕ್ಸುಗಳಲ್ಲಿ ಓರೆ ಅಕ್ಷರ ಇರ್ತಾವಲ್ಲ ಅಂತೀರಿ. ಇರ್ಲಿ. ಅಲ್ಲಿ ಅಕ್ಷರ ಮೊಳದುದ್ದ, ಪಕ್ಕದಲ್ಲಿ ನಾಯಕರ ಫೋಟೊ. ಓದದಿದ್ರೂ ಯಾರ ಹುಟ್ಟುಹಬ್ಬ ಅಂತ ತಿಳಿಯುತ್ತೆ. ಕೈಬರಹದ ಓಟ ನೋಡಿ ಕನ್ನಡಕ್ಕಂತಲೇ ಯಾರಾದ್ರೂ ಚೆಂದದ ಬೋಲ್ಡ್ ಇಟಾಲಿಕ್ ಬರೆದುಕೊಟ್ರೆ ಮೊದಲ ಗಿರಾಕಿ ನಾನೇ. ಅಲ್ಲಿವರೆಗೆ ಸಿಎಸ್‌ಎಸ್‌ನಲ್ಲಿ ಕನ್ನಡದ ಭಾಗಕ್ಕೆ ‘ಫಾಂಟ್-ಸಿಂಥೆಸಿಸ್: ನನ್’ ಅಂತ ಒಂದು ಸಾಲು ಸೇರಿಸಿ. ಫಾಂಟಿನಲ್ಲಿ ಇಲ್ಲದ್ದನ್ನ ಬ್ರೌಸರ್ ತಾನಾಗೇ ಹುಟ್ಟಿಸಲ್ಲ. ನಾಳೆ ಸ್ಟ್ಯಾಂಡಪ್‌ನಲ್ಲಿ ಟಿಕೆಟ್ ಹಾಕಿ, ಪ್ರಯಾರಿಟಿ ‘ಲೋ’ ಅಂತ ಮಾತ್ರ ಹಾಕಬ್ಯಾಡ್ರಿ.