ಹೋಬಳಿಗೊಬ್ಬರು ಮನಸ್ಸಿನ ಮೇಷ್ಟ್ರು ಬೇಕು



ಹಸುವಿಗೆ ಹುಷಾರಿಲ್ಲದಿದ್ದರೆ ನಮ್ಮ ಊರಿನವರು ದನದ ಡಾಕ್ಟರನ್ನು ಕರೆಸುತ್ತಾರೆ. ಪೈರಿಗೆ ರೋಗ ಬಂದರೆ ಒಂದು ಗರಿ ಕಿತ್ತುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಾರೆ. ರೇಷ್ಮೆ ಹುಳು ಸೊಪ್ಪು ತಿನ್ನದಿದ್ದರೆ ರೇಷ್ಮೆ ಇಲಾಖೆಯವರನ್ನು ಕೇಳುತ್ತಾರೆ. ಆದರೆ ಒಂದು ಮಗುವಿಗೆ ಓದು ಹತ್ತದಿದ್ದರೆ, ಇದ್ದಕ್ಕಿದ್ದಂತೆ ಅದು ಮಾತು ಬಿಟ್ಟರೆ ಯಾರನ್ನು ಕೇಳಬೇಕು? ಓದು ಹತ್ತದವನನ್ನು ದಡ್ಡ ಅಂತಾರೆ. ಮಾತು ಬಿಟ್ಟವಳಿಗೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸ್ತಾರೆ. ಅಲ್ಲಿಗೆ ಮುಗೀತು.

ಅಮೆರಿಕ ದೇಶದಲ್ಲಿ ಸರ್ಕಾರಿ ಶಾಲೆಗಳಿಗೇ ಮನಶ್ಶಾಸ್ತ್ರಜ್ಞರನ್ನು ನೇಮಿಸುತ್ತಾರೆ. 500 ಮಕ್ಕಳಿಗೆ ಒಬ್ಬರು ಇರಬೇಕು ಎಂದು ಅಲ್ಲಿಯ ಶಾಲಾ ಮನಶ್ಶಾಸ್ತ್ರಜ್ಞರ ಸಂಘ ಹೇಳುತ್ತದೆ. ಮಗು ಯಾಕೆ ಕಲೀತಿಲ್ಲ, ಯಾಕೆ ಹೆದರುತ್ತೆ, ಯಾಕೆ ಜಗಳ ಆಡುತ್ತೆ ಎಂದು ಪರೀಕ್ಷಿಸಿ, ಮೇಷ್ಟ್ರಿಗೂ ತಂದೆ ತಾಯಿಗೂ ದಾರಿ ಹೇಳುವುದು ಅವರ ಕೆಲಸ.

ಈ ಕೆಲಸ ಶುರುವಾದದ್ದೂ ಒಬ್ಬ ಟೀಚರಿಂದಲೇ. 1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬ ಶಿಕ್ಷಕಿ ತಮ್ಮ 14 ವರ್ಷದ ವಿದ್ಯಾರ್ಥಿಯನ್ನು ಲೈಟ್ನರ್ ವಿಟ್ಮರ್ ಎಂಬ ಪ್ರೊಫೆಸರ್ ಹತ್ತಿರ ಕರೆದುಕೊಂಡು ಹೋದರು. ಹುಡುಗ ಬೇರೆಲ್ಲದರಲ್ಲಿ ಚುರುಕು, ಕಾಗುಣಿತ ಮಾತ್ರ ಬರ್ತಿರಲಿಲ್ಲ. ವಿಟ್ಮರ್ ಪರೀಕ್ಷೆ ಮಾಡಿದಾಗ ಅವನ ಕಣ್ಣಿನಲ್ಲೂ ತೊಂದರೆ ಇರುವುದು ತಿಳಿಯಿತು. ಅಂದಿನಿಂದ ಅವರು ಇಂಥ ಮಕ್ಕಳಿಗಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು.

ಅಂಥ ಹುಡುಗರು ನಮ್ಮಲ್ಲೂ ಇದ್ದಾರೆ. ನಮ್ಮ ದೊಡ್ಡಮ್ಮನ ಮಗ ಬೇರೆ ಊರಿನವನು. ಬಾಯಲ್ಲಿ ಲೆಕ್ಕ ಕೇಳಿದರೆ ಥಟ್ಟನೆ ಹೇಳ್ತಾನೆ. ಸಂತೆಯಲ್ಲಿ ಅವನಿಗೆ ಯಾರೂ ಮೋಸ ಮಾಡೋಕಾಗಲ್ಲ. ಆದರೆ ಪುಸ್ತಕ ಹಿಡಿದರೆ 'ಪ' ಯಾವುದು 'ಷ' ಯಾವುದು ಗೊತ್ತಾಗಲ್ಲ. ಶಾಲೆಯಲ್ಲಿ ದಿನಾ ಬೆಂಚಿನ ಮೇಲೆ ನಿಲ್ಲಿಸ್ತಿದ್ದರು, ಮನೆಯಲ್ಲಿ ದೊಡ್ಡಪ್ಪ ಹೊಡೀತಿದ್ದರು. ಆರನೇ ಕ್ಲಾಸಿಗೇ ಬಿಟ್ಟುಬಿಟ್ಟ, ಈಗ ಕುರಿ ಕಾಯ್ತಾನೆ. ಕುರಿ ಕಾಯೋದು ಕೀಳಲ್ಲ. ಆದರೆ ಅವನು ದಡ್ಡ ಅಂತ ತೀರ್ಮಾನ ಮಾಡಿದವರು ಯಾರು? ಯಾವ ಪರೀಕ್ಷೆ ಮಾಡಿ ತೀರ್ಮಾನ ಮಾಡಿದರು?

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು ಎಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಇಂಥ ಕಲಿಕೆಯ ತೊಂದರೆಯೂ ಸೇರಿದೆ. ಕಾನೂನು ಬಂದಿದೆ, ಕಂಡುಹಿಡಿಯುವವರು ಹಳ್ಳಿಗೆ ಬಂದಿಲ್ಲ.

ಮನಶ್ಶಾಸ್ತ್ರ ನಮಗೆ ಹೊಸದೇನೂ ಅಲ್ಲ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕೆಯ ತೊಂದರೆಯನ್ನು ಪರೀಕ್ಷಿಸುವವರು ಇದ್ದಾರೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಕೂಲಿ ಬಿಡಬೇಕು, ಬಸ್ ಚಾರ್ಜು ಬೇಕು. ಎಲ್ಲಕ್ಕಿಂತ ಮೊದಲು, ಹೋಗಬೇಕು ಅಂತ ಯಾರಾದರೂ ಹೇಳಬೇಕು.

ಕೆಲವರು ಹೇಳಬಹುದು, ಅದಕ್ಕೆ ಮೇಷ್ಟ್ರೇ ಇದ್ದಾರಲ್ಲ ಎಂದು. ನಿಜ, ನಮ್ಮ ಗುರುಗಳು ತಾಯಿ ತಂದೆಯಂತೆ ನೋಡಿಕೊಳ್ಳುತ್ತಾರೆ. ಆದರೆ ಪಾಠ, ಬಿಸಿಯೂಟ, ಹಾಜರಿ, ಗಣತಿ ಎಲ್ಲಾ ಅವರ ತಲೆ ಮೇಲೇ ಇದೆ. ಅಲ್ಲದೆ ನಂಬರ್ ಕೊಡುವವರ ಮುಂದೆ ಮನೆಯ ಕಷ್ಟ ಹೇಳಲು ನಮಗೆ ಬಾಯಿ ಬರಲ್ಲ. ಅಪ್ಪ ಕುಡಿದು ಬಂದು ಗಲಾಟೆ ಮಾಡಿದ್ದು, ಮದುವೆ ಮಾಡಿಬಿಡ್ತೀವಿ ಅಂದದ್ದು, ಇಂಥವನ್ನು ಹುಡುಗಿಯರು ಯಾರಿಗೆ ಹೇಳಬೇಕು? ಇನ್ನು ಕೆಲವರು, ಮನಸ್ಸಿನ ಡಾಕ್ಟರು ಹುಚ್ಚರಿಗೆ ತಾನೇ ಅಂತ ನಗ್ತಾರೆ. ಕಾಲು ನೋವಿಗೆ ಆಸ್ಪತ್ರೆಗೆ ಹೋದವನನ್ನು ಕುಂಟ ಅಂತ ಕರೀತೀವಾ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಪ್ರತಿ ಶಾಲೆಗೂ ಒಬ್ಬರನ್ನು ಕೊಡಿ ಅಂದರೆ ಸರ್ಕಾರಕ್ಕೆ ಕಷ್ಟ. ರೈತ ಸಂಪರ್ಕ ಕೇಂದ್ರದ ಹಾಗೆ ಹೋಬಳಿಗೊಬ್ಬರನ್ನು ಕೊಡಲಿ. ಅವರು ತಿಂಗಳಿಗೊಂದು ದಿನ ಪ್ರತಿ ಶಾಲೆಗೂ ಬರಲಿ. ಯಾವ ದಿನ ಎಂದು ಮೊದಲೇ ಗೊತ್ತಿರಲಿ.

ಅಲ್ಲಿಯವರೆಗೆ ಇರುವುದನ್ನಾದರೂ ಬಳಸೋಣ. ವರ್ಷಕ್ಕೊಮ್ಮೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ತೂಕ, ಕಣ್ಣು, ಹಲ್ಲು ನೋಡುತ್ತಾರೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ಓದು ಹತ್ತದವರ ಹೆಸರನ್ನು ಗುರುಗಳು ಅವರಿಗೂ, ಬಿ.ಆರ್.ಸಿ.ಯ ಸಮನ್ವಯ ಶಿಕ್ಷಣದ ಮೇಷ್ಟ್ರಿಗೂ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ನಂಬರ್ 14416. ದುಡ್ಡಿಲ್ಲದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ಎಲ್ಲರೂ ನೋಟ್ ಬುಕ್ಕಿನ ಹಿಂದೆ ಬರೆದುಕೊಳ್ಳಿ.

ಸ್ನೇಹಿತರೇ, ನಮ್ಮ ಪಾಲಿನದೂ ಒಂದು ಕೆಲಸ ಇದೆ. ನಾಳೆಯಿಂದ ಯಾರನ್ನೂ ದಡ್ಡ ಅನ್ನಬೇಡಿ. ಅದಕ್ಕೆ ಸರ್ಕಾರದ ಆರ್ಡರ್ ಬೇಕಾಗಿಲ್ಲ.

— ಏಳನೇ ತರಗತಿಯ ವಿದ್ಯಾರ್ಥಿನಿ, ತಗಡೂರು